ಪತಂಗ ಸಿಕ್ಕಿದ್ದು ನಿಜ, ‘ಬಗ್’ ಮಾತ್ರ ಅದಕ್ಕಿಂತ ಹಳೆಯದು

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಕಂಪ್ಯೂಟರಿನೊಳಗೆ ಒಂದು ಪತಂಗ ಸಿಕ್ಕಿದ್ದರಿಂದ ಪ್ರೋಗ್ರಾಮಿನ ದೋಷಕ್ಕೆ ‘ಬಗ್’, ಅಂದರೆ ಹುಳ, ಅನ್ನುವ ಹೆಸರು ಬಂತು, ಅದನ್ನು ಹಿಡಿದವರು ಗ್ರೇಸ್ ಹಾಪರ್ ಅಂತ ಟ್ರೈನಿಂಗ್‌ನಲ್ಲಿ ಹೇಳಿದರು. ಹಿನ್ನೆಲೆಯಲ್ಲಿ ತಾನಾಗಿ ಓಡುವ ಪ್ರೋಗ್ರಾಮಿಗೆ ಅನ್ನುವ ‘ಡೀಮನ್’ ಅಂದರೆ ‘ಡಿಸ್ಕ್ ಆ್ಯಂಡ್ ಎಕ್ಸಿಕ್ಯೂಷನ್ ಮಾನಿಟರ್’ ಅಂತಲೂ ಬರೆಸಿದರು. ಇದೆಲ್ಲ ನಿಜವೇ? ‘ಹ್ಯಾಕರ್’ ಅನ್ನುವುದು ಮೊದಲು ಒಳ್ಳೆಯ ಮಾತಾಗಿತ್ತು, ಆಮೇಲೆ ಪತ್ರಿಕೆಯವರು ಕೆಡಿಸಿದರು ಅನ್ನುತ್ತಾರಲ್ಲ, ಅದು? ಇನ್ನೊಂದು: 500 ಮೈಲಿಗಿಂತ ಆಚೆ ಹೋಗದ ಇ-ಮೇಲ್ ಕತೆ ನಮ್ಮ ಟೀಮಿನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಅದು ನಡೆದದ್ದೋ, ಯಾರೋ ಕಟ್ಟಿದ್ದೋ?

ಉತ್ತರ: ಪತಂಗ ನಿಜವಾದದ್ದೇ. ಈಗಲೂ ಇದೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಮ್ಯೂಸಿಯಮ್ಮಿನಲ್ಲಿರುವ ಒಂದು ಲಾಗ್ ಪುಸ್ತಕದ ಪುಟಕ್ಕೆ ಅದನ್ನು ಟೇಪ್ ಹಾಕಿ ಅಂಟಿಸಿದ್ದಾರೆ. ಆದರೆ ‘ಬಗ್’ ಅನ್ನುವ ಹೆಸರು ಅದರಿಂದ ಬಂದಿಲ್ಲ. ಇದನ್ನು ತಿಳಿಯಲು ಬೇರೆಲ್ಲೂ ಹುಡುಕಬೇಕಾಗಿಲ್ಲ, ಆ ಪುಟವನ್ನೇ ನಿಧಾನವಾಗಿ ಓದಿದರೆ ಸಾಕು.

ಪುಟ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಯಂತ್ರದ್ದು. ದಿನ 1947ರ ಸೆಪ್ಟೆಂಬರ್ 9. ಆಗ ಚಿಪ್ ಇರಲಿ, ಟ್ರಾನ್ಸಿಸ್ಟರ್ ಕೂಡ ಇನ್ನೂ ಬಂದಿರಲಿಲ್ಲ. ಮಾರ್ಕ್ 2 ಲೆಕ್ಕ ಮಾಡುತ್ತಿದ್ದದ್ದು ಸಾವಿರಾರು ರಿಲೇಗಳಿಂದ. ರಿಲೇಯೊಳಗೆ ತಂತಿ ಸುತ್ತಿದ ಒಂದು ಕಾಯಿಲ್ ಇರುತ್ತದೆ. ಕರೆಂಟ್ ಹರಿದಾಗ ಅದು ಅಯಸ್ಕಾಂತವಾಗಿ ಲೋಹದ ಪಟ್ಟಿಯನ್ನು ಎಳೆಯುತ್ತದೆ. ಟಕ್ ಅಂತ ಎರಡು ತುದಿ ಕೂಡುತ್ತವೆ. ಆ ತುದಿಗಳ ನಡುವೆ ಏನಾದರೂ ಸಿಕ್ಕಿಕೊಂಡರೆ ಕರೆಂಟ್ ದಾಟುವುದಿಲ್ಲ, ಲೆಕ್ಕ ಕೆಡುತ್ತದೆ.

ಅವತ್ತು ಬೆಳಿಗ್ಗೆ ಎಂಟಕ್ಕೆ ಯಂತ್ರ ಶುರುವಾಗಿದೆ. ಹತ್ತಕ್ಕೆ ನಿಲ್ಲಿಸಿದ್ದಾರೆ. ಹನ್ನೊಂದಕ್ಕೆ ಕೊಸೈನ್ ಟೇಪ್ ಹಾಕಿದ್ದಾರೆ. ಮಧ್ಯಾಹ್ನ 3.25ಕ್ಕೆ ಆ್ಯಡರ್, ಅಂದರೆ ಕೂಡುವ ಭಾಗದ, ಪರೀಕ್ಷೆ. 3.45ಕ್ಕೆ ಬರೆದಿದ್ದಾರೆ: ಪ್ಯಾನೆಲ್ ಎಫ್, 70ನೇ ರಿಲೇ, ಒಳಗೆ ಪತಂಗ. ಅದರ ಕೆಳಗಿರುವ ಸಾಲಿನ ಅರ್ಥ ಇಷ್ಟು: ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು.

ಆ ‘ನಿಜವಾದ’ ಅನ್ನುವುದನ್ನು ನೋಡಿ. ದೋಷಕ್ಕೆ ಬಗ್ ಅನ್ನುವುದು ಅಲ್ಲಿ ದಿನನಿತ್ಯದ ಮಾತಾಗಿದ್ದರೆ ಮಾತ್ರ ಈ ಸಾಲಿಗೆ ನಗು ಬರುತ್ತದೆ, ಅಲ್ವಾ? ಇಷ್ಟು ದಿನ ಬಗ್ ಬಗ್ ಅಂತಿದ್ದೆವು, ಇವತ್ತು ಕೊನೆಗೂ ಹುಳವೇ ಸಿಕ್ಕಿತು ಅಂತ ಯಾರೋ ತಮಾಷೆ ಮಾಡಿದ್ದಾರೆ. ಹುಟ್ಟಿನ ದಾಖಲೆ ಅಂತ ನಿಮಗೆ ತೋರಿಸಿದ ಪುಟವೇ, ಆ ಮಾತು ಅದಕ್ಕೂ ಮೊದಲು ಇತ್ತು ಅನ್ನುವುದಕ್ಕೆ ಸಾಕ್ಷಿ.

ಎಷ್ಟು ಮೊದಲು? 1878ರಲ್ಲಿ ಥಾಮಸ್ ಎಡಿಸನ್ ಯುರೋಪಿನಲ್ಲಿದ್ದ ತಮ್ಮ ಸಹವರ್ತಿ ಥಿಯೊಡೋರ್ ಪುಷ್ಕಾಶ್‌ಗೆ ಒಂದು ಕಾಗದ ಬರೆದರು. ಮೊದಲು ಒಂದು ಹೊಳಹು ಬರುತ್ತದೆ, ಆಮೇಲೆ ಅದು ಕೈಕೊಡುತ್ತದೆ, ಆಗ ‘ಬಗ್‌’ಗಳು ತಲೆ ಎತ್ತುತ್ತವೆ ಎಂದು ಅದರಲ್ಲಿ ಹೇಳಿಕೊಂಡಿದ್ದಾರೆ. ಸಣ್ಣಪುಟ್ಟ ದೋಷಗಳನ್ನು ಹಾಗೆ ಕರೆಯುತ್ತಾರೆ ಎಂದೂ ಸೇರಿಸಿದ್ದಾರೆ. ‘ಕರೆಯುತ್ತಾರೆ’ ಅಂದರೆ ಅವರು ಕಟ್ಟಿದ ಮಾತೂ ಅಲ್ಲ, ತಂತಿ ಯಂತ್ರದ (ಟೆಲಿಗ್ರಾಫ್) ಕೆಲಸಗಾರರ ಬಾಯಲ್ಲಿ ಆಗಲೇ ಓಡಾಡುತ್ತಿತ್ತು. 1934ರ ವೆಬ್‌ಸ್ಟರ್ ನಿಘಂಟಿನಲ್ಲೂ ಯಂತ್ರದ ದೋಷ ಅನ್ನುವ ಅರ್ಥ ಇದೆ.

ಇನ್ನು ಗ್ರೇಸ್ ಹಾಪರ್. ಅವರು ಆ ತಂಡದಲ್ಲಿದ್ದರು, ಆದರೆ ಪತಂಗ ಹಿಡಿದದ್ದು ತಾವೇ ಅಂತ ಹೇಳಿಕೊಂಡವರಲ್ಲ. ಆಪರೇಟರ್‌ಗಳಿಗೆ ಸಿಕ್ಕಿತು ಅಂತಲೇ ಹೇಳುತ್ತಿದ್ದರು. ಹೇಳುವ ಕಲೆ ಮಾತ್ರ ಅವರಿಗೆ ಚೆನ್ನಾಗಿ ಒಲಿದಿತ್ತು. ನೌಕಾಪಡೆಯ ಸಮವಸ್ತ್ರದಲ್ಲಿ ಊರೂರು ಸುತ್ತಿ ಭಾಷಣ ಮಾಡುತ್ತಿದ್ದರು. ಸುಮಾರು 30 ಸೆಂಟಿಮೀಟರ್ ಉದ್ದದ ತಂತಿ ತುಂಡುಗಳನ್ನು ಕೇಳುಗರಿಗೆ ಹಂಚಿ, ‘ತಗೊಳ್ಳಿ, ಒಂದು ನ್ಯಾನೊಸೆಕೆಂಡ್’ ಅನ್ನುವುದು ಅವರ ರೂಢಿ. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಹೋಗುವುದು ಅಷ್ಟೇ ದೂರ. ಇಂಥವರ ಬಾಯಲ್ಲಿ ಪತಂಗದ ಕತೆ ದಶಕಗಟ್ಟಲೆ ತಿರುಗಿತು. ಹೇಳಿದವರೇ ಕತೆಯ ನಾಯಕಿಯಾದರು. ಇದರಲ್ಲಿ ಅವರ ತಪ್ಪೇನೂ ಇಲ್ಲ.

ಪದದ ಹುಟ್ಟಿನ ಬಗ್ಗೆ ಯಾರಾದರೂ ಚಂದದ ಕತೆ ಹೇಳಿದರೆ ನಾನು ನೋಡುವುದು ಒಂದೇ. ಕತೆಯ ತಾರೀಖು ಯಾವುದು? ಅದಕ್ಕಿಂತ ಹಿಂದೆ ಆ ಪದವನ್ನು ಯಾರಾದರೂ ಬರೆದಿದ್ದಾರಾ? ಮುಕ್ಕಾಲು ಪಾಲು ಕತೆಗಳು ಇಲ್ಲೇ ಬಿದ್ದುಹೋಗುತ್ತವೆ. ಇನ್ನೂ ಜಾಸ್ತಿ ಅನುಮಾನ ಪಡಬೇಕಾದದ್ದು, ಪದದ ಒಂದೊಂದು ಅಕ್ಷರವನ್ನೂ ಬಿಡಿಸಿ ‘ಫುಲ್ ಫಾರ್ಮ್’ ಕೊಟ್ಟಾಗ. ನಮ್ಮ ಕಂಪ್ಯೂಟರ್ ಕ್ಲಾಸುಗಳಿಗೆ ಫುಲ್ ಫಾರ್ಮ್ ಅಂದರೆ ಪ್ರಾಣ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಅದೇ ತಾನೆ.

ನಿಮಗೆ ಬರೆಸಿದ ಡೀಮನ್ ಅಂಥದ್ದೇ. ‘ಡಿಸ್ಕ್ ಆ್ಯಂಡ್ ಎಕ್ಸಿಕ್ಯೂಷನ್ ಮಾನಿಟರ್’ ಆಮೇಲೆ ಹೊಲಿದ ಅಂಗಿ. 1963ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಮ್ಯಾಕ್ ಅನ್ನುವ ಯೋಜನೆಯಲ್ಲಿ, ಐಬಿಎಂ 7094 ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದವರು ಈ ಹೆಸರಿಟ್ಟರು. ತಂಡದ ಮುಖ್ಯಸ್ಥ ಫರ್ನಾಂಡೊ ಕೊರ್ಬಾಟೊ ಅವರೇ ಮೂಲ ಹೇಳಿದ್ದಾರೆ: ಭೌತಶಾಸ್ತ್ರದ ಪಾಠದಲ್ಲಿ ಬರುವ ಮ್ಯಾಕ್ಸ್‌ವೆಲ್‌ನ ‘ಡೀಮನ್’, ಅಂದರೆ ಭೂತ. ಒಂದು ಡಬ್ಬಿ, ನಡುವೆ ಸಣ್ಣ ಬಾಗಿಲು, ಅಲ್ಲಿ ಕೂತ ಒಂದು ಭೂತ ವೇಗದ ಅಣುಗಳನ್ನು ಒಂದು ಕಡೆಗೂ ನಿಧಾನದವನ್ನು ಇನ್ನೊಂದು ಕಡೆಗೂ ಬಿಡುತ್ತಿರುತ್ತದೆ. ಯಾರ ಕಣ್ಣಿಗೂ ಬೀಳದೆ, ಯಾರೂ ಹೇಳದೆ, ಸುಮ್ನೆ ತನ್ನ ಪಾಡಿಗೆ ದುಡಿಯುವ ಭೂತ. ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕಾ? ಅವರ ಮೊದಲ ಡೀಮನ್ ಮಾಡುತ್ತಿದ್ದ ಕೆಲಸ ಫೈಲುಗಳನ್ನು ಟೇಪಿಗೆ ಬ್ಯಾಕಪ್ ತೆಗೆಯುವುದು.

ಇನ್ನೊಂದು ಕಂಪ್ಯೂಟರ್ ಉತ್ತರ ಕೊಡುತ್ತಾ ಅಂತ ನೋಡುವ ‘ಪಿಂಗ್’ ಪ್ರೋಗ್ರಾಮ್ ಕೂಡ ಹೀಗೇ. ಅದಕ್ಕೆ ‘ಪ್ಯಾಕೆಟ್ ಇಂಟರ್‌ನೆಟ್ ಗ್ರೋಪರ್’ ಅನ್ನುವ ವಿಸ್ತರಣೆ ಇನ್ನೊಬ್ಬರು ಆಮೇಲೆ ಕೊಟ್ಟದ್ದು. 1983ರ ಡಿಸೆಂಬರಿನಲ್ಲಿ ಅದನ್ನು ಬರೆದ ಮೈಕ್ ಮ್ಯೂಸ್, ಜಲಾಂತರ್ಗಾಮಿಗಳ ಸೋನಾರ್ ಹೊರಡಿಸುವ ಸದ್ದನ್ನೇ ಹೆಸರಾಗಿ ಇಟ್ಟೆ ಎಂದು ಬರೆದಿಟ್ಟಿದ್ದಾರೆ. ಒಂದು ಸದ್ದು ಕಳಿಸು, ಪ್ರತಿಧ್ವನಿ ಬರುತ್ತಾ ನೋಡು. ಪ್ರೋಗ್ರಾಮ್ ಮಾಡುವುದೂ ಅಷ್ಟೇ. ಒಂದು ಸಮ್ಮೇಳನದಲ್ಲಿ ತಾವು ಕೇಳಿದ ಘಟನೆಯೊಂದನ್ನು ಮ್ಯೂಸ್ ಖುಷಿಯಿಂದ ಹೇಳಿಕೊಂಡಿದ್ದಾರೆ. ಒಬ್ಬ ನೆಟ್‌ವರ್ಕ್ ಅಡ್ಮಿನ್‌ಗೆ ಎಲ್ಲೋ ಒಂದು ಈಥರ್‌ನೆಟ್ ಕನೆಕ್ಟರ್ ಲೂಸ್ ಆಗಿ ತಲೆನೋವು. ಪಿಂಗ್‌ಗೆ ಉತ್ತರ ಬಂದಾಗಲೆಲ್ಲ ಕಂಪ್ಯೂಟರ್ ‘ಪಿಂಗ್’ ಅಂತ ಬಾಯಿಬಿಟ್ಟು ಹೇಳುವಂತೆ ಮಾಡಿ, ಅದನ್ನು ಆಫೀಸಿನ ಸ್ಟೀರಿಯೊಗೆ ಜೋಡಿಸಿ, ಜೋರಾಗಿ ಹಾಕಿಟ್ಟ. ಆಮೇಲೆ ಕಟ್ಟಡದ ತುಂಬ ಓಡಾಡುತ್ತ ಒಂದೊಂದೇ ಕನೆಕ್ಟರನ್ನು ಅಲ್ಲಾಡಿಸಿದ. ಯಾವುದನ್ನು ಮುಟ್ಟಿದಾಗ ಕೂಗು ನಿಂತಿತೋ ಕಳ್ಳ ಅಲ್ಲೇ ಇದ್ದ.

ಇದೇ ಸಾಲಿನಲ್ಲಿ ಇನ್ನೊಂದು: ವೆಬ್ ಪುಟ ಸಿಗದಿದ್ದಾಗ ಕಾಣುವ ‘404’ ಅನ್ನುವುದು ವೆಬ್ ಹುಟ್ಟಿದ ಸರ್ನ್ ಪ್ರಯೋಗಾಲಯದ ಕೋಣೆ ನಂಬರ್ ಅನ್ನುವ ಮಾತು. ಶುದ್ಧ ಸುಳ್ಳು. 4ರಿಂದ ಶುರುವಾಗುವ ಸಂಖ್ಯೆಗಳೆಲ್ಲ ಕೇಳಿದವರ ಕಡೆಯ ತಪ್ಪಿಗೆ ಮೀಸಲು, ಅದರಲ್ಲಿ 400ರಿಂದ ಎಣಿಸಿದರೆ ಇದು ಐದನೆಯದಾಗಿ ಬಂದು ಕೂತಿದೆ, ಅಷ್ಟೇ.

ಕತೆಯೇ ಬೇಡದ, ಕಣ್ಣಿಗೆ ಕಾಣುವ ಮೂಲವಿರುವ ಪದಗಳು ಬೇರೆ ಇವೆ. ನನಗೆ ಇಷ್ಟವಾದವು ಅವೇ. ಯಂತ್ರ ಗುಜರಿಗೆ ಹೋಯಿತು, ಅದರ ಅಂಗಾಂಗದ ಹೆಸರು ನಮ್ಮ ಬಾಯಲ್ಲಿ ಉಳಿಯಿತು.

‘ಪ್ಯಾಚ್’ ತಗೊಳ್ಳಿ. ಆಗ ಪ್ರೋಗ್ರಾಮ್ ಅಂದರೆ ತೂತು ಹೊಡೆದ ಕಾಗದದ ಪಟ್ಟಿ. ಬೇಡದ ತೂತು ಬಿದ್ದಿದ್ದರೆ ಅದರ ಮೇಲೆ ಕಾಗದದ ತೇಪೆ ಹಚ್ಚುತ್ತಿದ್ದರು. ಜಾಸ್ತಿ ತಪ್ಪಿದ್ದರೆ ಪಟ್ಟಿಯನ್ನೇ ಕತ್ತರಿಸಿ ಬೇರೆ ತುಂಡು ಸೇರಿಸುತ್ತಿದ್ದರು. ಹಾರ್ವರ್ಡ್‌ನ ಮೊದಲ ಯಂತ್ರ ಮಾರ್ಕ್ 1ರ ಹೀಗೆ ತೇಪೆ ಹಾಕಿದ ಟೇಪಿನ ಫೋಟೊ ಈಗಲೂ ನೋಡಲು ಸಿಗುತ್ತದೆ. ಇವತ್ತು ನಿಮ್ಮ ಸೆಕ್ಯುರಿಟಿ ಪ್ಯಾಚ್ ಇಳಿಯುವಾಗ ಅಂಟಿನ ವಾಸನೆ ಮಾತ್ರ ಇಲ್ಲ.

ಡಿಲೀಟ್ ಕೀಗೆ ಇದಕ್ಕಿಂತ ಸೊಗಸಾದ ಹಿನ್ನೆಲೆ ಇದೆ. ಅಕ್ಷರಗಳಿಗೆ ಕಂಪ್ಯೂಟರ್ ಕೊಡುವ ಸಂಖ್ಯೆಗಳ ‘ಆ್ಯಸ್ಕಿ’ ಪಟ್ಟಿ ನೋಡಿದವರಿಗೆ ಒಂದು ವಿಚಿತ್ರ ಕಂಡಿರುತ್ತದೆ. ಎಂಟರ್, ಟ್ಯಾಬ್, ಬೆಲ್ ಮುಂತಾದ ನಿಯಂತ್ರಣ ಸಂಕೇತಗಳೆಲ್ಲ 0ಯಿಂದ 31ರೊಳಗೆ ಒಟ್ಟಾಗಿ ಕೂತಿವೆ. ಡಿಲೀಟ್ ಒಂದೇ ತಪ್ಪಿಸಿಕೊಂಡು ಕಟ್ಟಕಡೆಗೆ, 127ರಲ್ಲಿ ಇದೆ. ಯಾಕೆ? ಟೈಪ್ ಮಾಡಿದ್ದನ್ನು ಕಾಗದದ ಪಟ್ಟಿಯ ಮೇಲೆ ತೂತಾಗಿ ಹೊಡೆಯುವ ಟೆಲಿಟೈಪ್ ಯಂತ್ರದ ಮುಂದೆ ಕೂತಿದ್ದೀರಿ ಅಂದುಕೊಳ್ಳಿ. ಒಂದು ಅಕ್ಷರಕ್ಕೆ ಅಡ್ಡಕ್ಕೆ ಏಳು ಜಾಗ. ತೂತು ಇದ್ದರೆ 1, ಇಲ್ಲದಿದ್ದರೆ 0. ತಪ್ಪು ಅಕ್ಷರ ಹೊಡೆದಿರಿ. ತೂತು ಬಿದ್ದಾಗಿದೆ, ಅದನ್ನು ಮುಚ್ಚಲು ಯಂತ್ರಕ್ಕೆ ಬರುವುದಿಲ್ಲ. ಆದರೆ ಇನ್ನಷ್ಟು ತೂತು ಹೊಡೆಯಲು ಬರುತ್ತದೆ! ಟೇಪನ್ನು ಒಂದು ಹೆಜ್ಜೆ ಹಿಂದಕ್ಕೆ ತಂದು, ‘ರಬ್ ಔಟ್’ ಅನ್ನುವ ಕೀ ಒತ್ತಿದರೆ ಏಳೂ ಜಾಗದಲ್ಲಿ ತೂತು. ಮೊದಲು ಅಲ್ಲಿ ಯಾವ ಅಕ್ಷರವೇ ಇರಲಿ, ಅದರ ಗುರುತೇ ಸಿಗುವುದಿಲ್ಲ. ಓದುವ ಯಂತ್ರ ಇಂಥ ಸಾಲು ಕಂಡರೆ ಏನೂ ಇಲ್ಲವೆಂದು ದಾಟಿ ಹೋಗಬೇಕು ಅನ್ನುವುದು ಒಪ್ಪಂದ. ಏಳು ಒಂದುಗಳನ್ನು ಪಕ್ಕಪಕ್ಕ ಬರೆದು ಬೈನರಿ ಸಂಖ್ಯೆಯಾಗಿ ಓದಿ ನೋಡಿ, 127 ಬರುತ್ತದೆ. ಅಳಿಸುವುದು ಅಂದರೆ ಪೂರ್ತಿ ತೂತು ಹೊಡೆಯುವುದು!

ಅದೇ ಟೆಲಿಟೈಪ್ ನಿಮಗೆ ಇನ್ನೊಂದು ಕಾಟವನ್ನೂ ಕೊಟ್ಟು ಹೋಗಿದೆ. ವಿಂಡೋಸ್‌ನಲ್ಲಿ ಬರೆದ ಫೈಲನ್ನು ಲಿನಕ್ಸ್‌ನಲ್ಲಿ ತೆರೆದಾಗ ಸಾಲಿನ ಕೊನೆಯಲ್ಲಿ ಏನೋ ಕಸ ಕಾಣುತ್ತದಲ್ಲ, ಅದು. ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ ಹತ್ತು ಅಕ್ಷರ ಹೊಡೆಯುತ್ತಿತ್ತು. ಸಾಲು ಮುಗಿದ ಮೇಲೆ ಅಚ್ಚಿನ ತಲೆ ಎಡತುದಿಗೆ ವಾಪಸ್ ಓಡಬೇಕು, ಅದು ಕ್ಯಾರೇಜ್ ರಿಟರ್ನ್. ಕಾಗದ ಒಂದು ಸಾಲು ಮೇಲೆ ಸರಿಯಬೇಕು, ಅದು ಲೈನ್ ಫೀಡ್. ಎರಡೂ ಬೇರೆ ಬೇರೆ ಆಜ್ಞೆ. ತಲೆ ವಾಪಸ್ ಬರಲು ಒಂದು ಅಕ್ಷರದ ಸಮಯಕ್ಕಿಂತ ಜಾಸ್ತಿ ಬೇಕಿತ್ತು. ಹಾಗಾಗಿ ಮೊದಲು ರಿಟರ್ನ್ ಕಳಿಸಿ, ಅದು ಓಡುತ್ತಿರುವಾಗಲೇ ಫೀಡ್ ಕಳಿಸುವುದು ರೂಢಿಯಾಯಿತು. ಯೂನಿಕ್ಸ್ ಒಂದೇ ಸಾಕು ಅಂತ ಲೈನ್ ಫೀಡ್ ಇಟ್ಟುಕೊಂಡಿತು. ವಿಂಡೋಸ್ ಎರಡನ್ನೂ ಬಿಡಲಿಲ್ಲ.

ಪ್ರೋಗ್ರಾಮ್ ಕೆಟ್ಟು ನಿಂತಾಗ ಮೆಮೊರಿಯಲ್ಲಿದ್ದದ್ದನ್ನು ಫೈಲಿಗೆ ಸುರಿಯುವ ‘ಕೋರ್ ಡಂಪ್’ ನೋಡಿರುತ್ತೀರಿ. ಆ ಕೋರ್ ಪ್ರೊಸೆಸರಿನ ಕೋರ್ ಅಲ್ಲ. ಸಾಸಿವೆ ಗಾತ್ರದ ಫೆರೈಟ್ ಉಂಗುರಗಳ ಒಳಗೆ ಸೂಕ್ಷ್ಮ ತಂತಿ ಪೋಣಿಸಿ ಮಾಡುತ್ತಿದ್ದ ಮೆಮೊರಿ. ಒಂದು ಉಂಗುರಕ್ಕೆ ಒಂದು ಬಿಟ್. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ನಮ್ಮವರೇ ಕಟ್ಟಿ 1960ರಲ್ಲಿ ಓಡಿಸಿದ ಟಿಫ್ರ್ಯಾಕ್ ಯಂತ್ರಕ್ಕೂ ಇದೇ ಮೆಮೊರಿ ಇತ್ತು. 70ರ ದಶಕದಲ್ಲಿ ಚಿಪ್ ಬಂದು ಉಂಗುರಗಳು ಮಾಯವಾದವು. ಪ್ರೋಗ್ರಾಮ್ ಬಿದ್ದಾಗ ಮಾತ್ರ ಲಿನಕ್ಸ್ ಈಗಲೂ ‘ಕೋರ್’ ಸುರಿದಿದ್ದೇನೆ ಅನ್ನುತ್ತದೆ.

ಟರ್ಮಿನಲ್‌ನಲ್ಲಿ ‘~’ ಹಾಕಿದರೆ ನಿಮ್ಮ ಹೋಮ್ ಡೈರೆಕ್ಟರಿಗೆ ಹೋಗುತ್ತದಲ್ಲ, ಅದಕ್ಕೂ ಕಾರಣ ಒಂದು ಕೀಬೋರ್ಡ್. 1976ರ ಸುಮಾರಿಗೆ ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಅನ್ನುವ ಟರ್ಮಿನಲ್ ಬಂತು. ಅಗ್ಗದ್ದು, ಹಾಗಾಗಿ ಕಾಲೇಜುಗಳಲ್ಲಿ ಜಾಸ್ತಿ ಕಾಣಿಸಿತು. ಅದರಲ್ಲಿ ಟಿಲ್ಡೆ ಚಿಹ್ನೆಯೂ ‘ಹೋಮ್’ ಅನ್ನುವ ಬರಹವೂ ಒಂದೇ ಕೀ ಮೇಲಿದ್ದವು. ಬಾಣದ ಗುರುತುಗಳಿಗೆ ಬೇರೆ ಕೀ ಇರಲಿಲ್ಲ, ಎಚ್, ಜೆ, ಕೆ, ಎಲ್ ಕೀಗಳ ಮೇಲೇ ಬರೆದಿದ್ದರು. ಬರ್ಕ್ಲಿಯಲ್ಲಿ ಬಿಲ್ ಜಾಯ್ ‘ವಿಐ’ ಎಡಿಟರ್ ಬರೆದದ್ದು ಈ ಟರ್ಮಿನಲ್ ಮುಂದೆ ಕೂತು. ವಿಐ ಕಲಿಯುವಾಗ ಬಾಣದ ಕೀ ಬಿಟ್ಟು ಈ ನಾಲ್ಕು ಅಕ್ಷರಗಳಲ್ಲಿ ಯಾಕೆ ಓಡಾಡಬೇಕು ಅಂತ ಬೈದುಕೊಂಡವರಲ್ಲಿ ನಾನೂ ಒಬ್ಬ. ಅದರ ಹಿಂದೆ ದೊಡ್ಡ ತತ್ವವೇನೂ ಇಲ್ಲ, ಕೀ ಇರಲಿಲ್ಲ ಅಷ್ಟೇ.

ಈಗ ಹ್ಯಾಕರ್ ವಿಷಯ. ಇದಕ್ಕೆ ರೈಲಿನಿಂದ ಶುರು ಮಾಡಬೇಕು. ಆಟದ ರೈಲು.

ಎಂಐಟಿಯಲ್ಲಿ 1946ರಿಂದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ ಅಂತ ಒಂದು ವಿದ್ಯಾರ್ಥಿ ಸಂಘವಿದೆ. ಅದರ ಠಿಕಾಣಿ 20ನೇ ಕಟ್ಟಡದಲ್ಲಿತ್ತು. ಯುದ್ಧಕಾಲದಲ್ಲಿ ತಾತ್ಕಾಲಿಕವಾಗಿ ಎಬ್ಬಿಸಿದ ಮರದ ಕಟ್ಟಡ. 1998ರವರೆಗೂ ಕೆಡವಲೇ ಇಲ್ಲ. ಕ್ಲಬ್ಬಿನಲ್ಲಿ ಎರಡು ಜಾತಿ. ಪುಟ್ಟ ರೈಲು, ಬೆಟ್ಟ, ಸ್ಟೇಷನ್ ಮಾಡಿ ಬಣ್ಣ ಹಚ್ಚುವವರು ಒಂದು ಕಡೆ. ಮೇಜಿನ ಕೆಳಗೆ ಮಲಗಿ, ಹಳೆಯ ಟೆಲಿಫೋನ್ ರಿಲೇಗಳನ್ನು ಜೋಡಿಸಿ ಆ ರೈಲುಗಳನ್ನು ಓಡಿಸುವ ಸರ್ಕ್ಯೂಟ್ ಕಟ್ಟುವವರು ಇನ್ನೊಂದು ಕಡೆ. ಈ ಎರಡನೇ ಗುಂಪಿನ ಹೆಸರು ಸಿಗ್ನಲ್ಸ್ ಆ್ಯಂಡ್ ಪವರ್ ಉಪಸಮಿತಿ.

1955ರ ಕ್ಲಬ್ ಸಭೆಯ ನಡಾವಳಿಯಲ್ಲಿ ಒಂದು ಸೂಚನೆ ಇದೆ. ವಿದ್ಯುತ್ ವ್ಯವಸ್ಥೆಯ ಮೇಲೆ ಕೆಲಸ ಮಾಡುವವರು ಇಲ್ಲವೇ ‘ಹ್ಯಾಕ್’ ಮಾಡುವವರು ಫ್ಯೂಸ್ ಹೋಗದಂತೆ ಪವರ್ ಆಫ್ ಮಾಡಿಕೊಳ್ಳಬೇಕು ಅಂತ. ಕೆಲಸ ಬೇರೆ, ಹ್ಯಾಕ್ ಬೇರೆ ಅನ್ನುವುದು ಆಗಲೇ ಗೊತ್ತಿತ್ತು ನೋಡಿ. 1959ರಲ್ಲಿ ಕ್ಲಬ್ಬಿನ ಪೀಟರ್ ಸ್ಯಾಮ್ಸನ್ ತಮ್ಮ ಬಳಗದ ಪದಗಳ ಒಂದು ಪುಟ್ಟ ನಿಘಂಟು ಮಾಡಿದರು. ಅದರಲ್ಲಿ ಹ್ಯಾಕ್ ಅಂದರೆ ಯಾವ ಉಪಯೋಗವನ್ನೂ ಗುರಿ ಇಟ್ಟುಕೊಳ್ಳದೆ ಮಾಡಿದ್ದು, ತನಗೆ ತಾನೇ ಕೆಟ್ಟ ಸಲಹೆ ಕೊಟ್ಟುಕೊಂಡು ಕೈಹಾಕಿದ ಕೆಲಸ. ಹೊಗಳಿಕೆ ಅನ್ನುವುದಕ್ಕಿಂತ ತಮ್ಮನ್ನು ತಾವೇ ಕಿಚಾಯಿಸಿಕೊಂಡ ಹಾಗಿದೆ.

ಅದೇ ನಿಘಂಟಿನಲ್ಲಿ ‘ಫೂ’ ಕೂಡ ಇದೆ. ಪ್ರೋಗ್ರಾಮಿಂಗ್ ಪಾಠದಲ್ಲಿ ಫೂ, ಬಾರ್ ಅಂತ ವೇರಿಯಬಲ್‌ಗಳಿಗೆ ಹೆಸರಿಡುತ್ತಾರಲ್ಲ, ಆ ಫೂ. ಸ್ಯಾಮ್ಸನ್ ಕೊಟ್ಟ ವಿವರಣೆ: ಪವಿತ್ರ ಅಕ್ಷರ, ‘ಫೂ ಮಣಿ ಪದ್ಮೇ ಹುಂ’. ದೇವರೊಂದಿಗೆ ಮಾತಾಡುವ ಪ್ರೇರಣೆ ಬಂದಾಗ ಮಾತ್ರ ಉಚ್ಚರಿಸತಕ್ಕದ್ದು! ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಹೋದವರಿಗೆ ಮೂಲ ಮಂತ್ರ ‘ಓಂ ಮಣಿ ಪದ್ಮೇ ಹುಂ’ ಅಂತ ಹೇಳಬೇಕಿಲ್ಲ. ಫೂ ಇವರ ಸ್ವಂತದ್ದಲ್ಲ. 1930ರ ದಶಕದಲ್ಲಿ ಬಿಲ್ ಹೋಲ್ಮನ್ ಬರೆಯುತ್ತಿದ್ದ ಅಗ್ನಿಶಾಮಕನೊಬ್ಬನ ಕಾಮಿಕ್ಸ್‌ನಲ್ಲಿ ಈ ಅರ್ಥವಿಲ್ಲದ ಸದ್ದು ಗೋಡೆ, ಬೋರ್ಡು, ನಂಬರ್ ಪ್ಲೇಟ್ ಎಲ್ಲೆಂದರಲ್ಲಿ ಕಾಣಿಸುತ್ತಿತ್ತು. ಎರಡನೇ ಮಹಾಯುದ್ಧದ ಸೈನಿಕರ ಬೈಗುಳವಾದ ‘ಫೂಬಾರ್’ ಆಮೇಲೆ ಇದಕ್ಕೆ ಬಂದು ತಗುಲಿಕೊಂಡಿರಬೇಕು. ಇಂಟರ್‌ನೆಟ್ ಮಾನದಂಡಗಳನ್ನು ಪ್ರಕಟಿಸುವ ಆರ್‌ಎಫ್‌ಸಿ ಸರಣಿಯಲ್ಲಿ 3092ನೇದು ಪೂರ್ತಿ ಫೂ ಪದದ ಮೂಲದ ಬಗ್ಗೆ. ತಾರೀಖು 2001ರ ಏಪ್ರಿಲ್ 1. ತಾರೀಖು ನೋಡಿ ತಳ್ಳಿಹಾಕಬೇಡಿ, ಒಳಗಿನ ಮಾಹಿತಿ ಗಟ್ಟಿಯಾಗಿದೆ.

1958ರ ಹೊತ್ತಿಗೆ ಟಿಎಕ್ಸ್-0 ಅನ್ನುವ ಕಂಪ್ಯೂಟರ್ ಎಂಐಟಿಯ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. 1961ರಲ್ಲಿ ಪಿಡಿಪಿ-1 ಬಂತು. ಮೇಜಿನ ಕೆಳಗಿದ್ದವರೆಲ್ಲ ಅಲ್ಲಿಗೆ ಓಡಿದರು, ತಮ್ಮ ಪದಗಳನ್ನೂ ಹೊತ್ತುಕೊಂಡೇ ಹೋದರು. 1962ರಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1ರ ಮೇಲೆ ‘ಸ್ಪೇಸ್‌ವಾರ್’ ಆಟ ಬರೆದರು. ಯಾರೂ ಕೇಳಿರಲಿಲ್ಲ, ಯಾರೂ ಕಾಸು ಕೊಡಲಿಲ್ಲ. ಹ್ಯಾಕ್ ಅಂದರೆ ಇದೇ.

ಇಲ್ಲಿಯವರೆಗೆ ನೀವು ಕೇಳಿದ ‘ಒಳ್ಳೆಯ ಹ್ಯಾಕರ್’ ಕತೆ ಸರಿಯಾಗಿಯೇ ಇದೆ. ಆಮೇಲೆ ಪತ್ರಿಕೆಯವರು ಕೆಡಿಸಿದರು ಅನ್ನುವ ಭಾಗ ನನಗೆ ಒಪ್ಪಿಗೆಯಿಲ್ಲ. 1963ರ ನವೆಂಬರ್ 20ರ ಎಂಐಟಿ ವಿದ್ಯಾರ್ಥಿ ಪತ್ರಿಕೆಯನ್ನೇ ನೋಡಿ. ‘ಹ್ಯಾಕರ್’ಗಳ ಕಾಟದಿಂದ ಸಂಸ್ಥೆಯ ಹಲವು ಟೆಲಿಫೋನ್ ಸೌಲಭ್ಯ ನಿಲ್ಲಿಸಬೇಕಾಯಿತು ಎನ್ನುವ ಸುದ್ದಿ ಅದರಲ್ಲಿದೆ. ಹಾರ್ವರ್ಡ್ ಮತ್ತು ಎಂಐಟಿ ನಡುವಿನ ಲೈನ್‌ಗಳನ್ನೆಲ್ಲ ಹಿಡಿದು ಕೂತರಂತೆ. ದೂರದ ಕರೆ ಮಾಡಿ ಬಿಲ್ಲನ್ನು ಒಂದು ರೇಡಾರ್ ಕೇಂದ್ರದ ತಲೆಗೆ ಕಟ್ಟಿದರಂತೆ. ಅದೇ ಪಿಡಿಪಿ-1 ಯಂತ್ರವನ್ನು ಫೋನಿಗೆ ಜೋಡಿಸಿ, ಡಯಲ್ ಟೋನ್ ಸಿಗುವವರೆಗೆ ಒಂದೊಂದೇ ಲೈನ್ ತಡಕಾಡಲು ಬಿಟ್ಟರಂತೆ. ಅಂದರೆ ಆಟ ಬರೆದ ಮರುವರ್ಷವೇ, ಅದೇ ಕ್ಯಾಂಪಸ್ಸಿನಲ್ಲಿ, ವಿದ್ಯಾರ್ಥಿಗಳದೇ ಪತ್ರಿಕೆಯಲ್ಲಿ ಈ ಮಾತಿಗೆ ಎರಡನೇ ಮುಖವೂ ಇತ್ತು. ಎರಡೂ ಒಂದೇ ಕುತೂಹಲದ ಮಕ್ಕಳು. ಒಂದರ ಬಿಲ್ ಬೇರೆಯವರಿಗೆ ಹೋಯಿತು.

1983ರಲ್ಲಿ ಅಮೆರಿಕದ ಮಿಲ್ವಾಕಿ ಊರಿನ ಕೆಲವು ಹುಡುಗರು ಮೋಡೆಮ್ ಮೂಲಕ ಲಾಸ್ ಅಲಮೋಸ್ ಪ್ರಯೋಗಾಲಯದವರೆಗೂ ಕೈಚಾಚಿ ಸಿಕ್ಕಿಬಿದ್ದರು. ತಮ್ಮ ಏರಿಯಾ ಕೋಡ್‌ನಿಂದ ‘414’ ಅಂತ ಗುಂಪಿಗೆ ಹೆಸರಿಟ್ಟುಕೊಂಡಿದ್ದರು. ಅಲ್ಲಿಂದ ಎರಡನೇ ಅರ್ಥ ಊರಿಗೆಲ್ಲ ಹಬ್ಬಿತು. ಹಳಬರು ಕಳ್ಳರಿಗೆ ‘ಕ್ರ್ಯಾಕರ್’ ಅನ್ನಿ ಅಂತ ಬೇಡಿಕೊಂಡರು. ಯಾರೂ ಕೇಳಲಿಲ್ಲ. ಪತ್ರಿಕೆಗಳು ಹಬ್ಬಿಸಿದ್ದು ನಿಜ, ಹುಟ್ಟಿಸಿದ್ದಲ್ಲ.

ಇಂಥ ಪದಗಳೆಲ್ಲ ಇವತ್ತು ನಮಗೆ ಸಿಗುತ್ತಿರುವುದಕ್ಕೆ ಒಂದು ಫೈಲ್ ಕಾರಣ. 1975ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಾಫೆಲ್ ಫಿಂಕೆಲ್ ಶುರು ಮಾಡಿದ ‘ಜಾರ್ಗನ್ ಫೈಲ್’. ಅದು ಎಂಐಟಿಗೂ ಹೋಗಿ, ಗೈ ಸ್ಟೀಲ್ ಮುಂತಾದವರ ಕೈಯಲ್ಲಿ ಬೆಳೆಯಿತು. ಪದಗಳ ಜೊತೆ ಕತೆಗಳೂ ಸೇರಿಕೊಂಡವು. ಅವುಗಳಲ್ಲಿ ಸ್ಟೀಲ್ ಅವರೇ ಹೇಳಿದ ಒಂದು ನನಗೆ ಬಹಳ ಇಷ್ಟ.

ಎಂಐಟಿಯ ಪಿಡಿಪಿ-10 ಕಂಪ್ಯೂಟರಿನ ಕ್ಯಾಬಿನೆಟ್ ಮೇಲೆ ಯಾರೋ ಒಂದು ಸಣ್ಣ ಸ್ವಿಚ್ ಅಂಟಿಸಿದ್ದರು. ಒಂದು ಕಡೆ ‘ಮ್ಯಾಜಿಕ್’, ಇನ್ನೊಂದು ಕಡೆ ‘ಇನ್ನೂ ಜಾಸ್ತಿ ಮ್ಯಾಜಿಕ್’ ಅಂತ ಪೆನ್ಸಿಲ್ಲಿನಲ್ಲಿ ಬರೆದಿತ್ತು. ಸ್ವಿಚ್ ಎರಡನೆಯ ಕಡೆಗಿತ್ತು. ಒಳಗೆ ನೋಡಿದರೆ ಅದಕ್ಕೆ ಒಂದೇ ತಂತಿ. ಒಂದೇ ತಂತಿಯ ಸ್ವಿಚ್ಚಿನಿಂದ ಏನಾದರೂ ಆಗಲು ಸಾಧ್ಯವಾ? ಯಾರೋ ತಮಾಷೆ ಮಾಡಿದ್ದಾರೆ ಅಂತ ಅದನ್ನು ತಿರುಗಿಸಿದರು. ಕಂಪ್ಯೂಟರ್ ಅಲ್ಲೇ ಕ್ರ್ಯಾಶ್. ಕಾಕತಾಳೀಯ ಅಂದುಕೊಂಡು ಸುಮ್ಮನಾದರು. ವರ್ಷದ ನಂತರ ಇನ್ನೊಬ್ಬರಿಗೆ ತೋರಿಸುತ್ತ ಮತ್ತೆ ತಿರುಗಿಸಿದರು. ಮತ್ತೆ ಕ್ರ್ಯಾಶ್! ಪಕ್ಕದಲ್ಲಿದ್ದ ರಿಚರ್ಡ್ ಗ್ರೀನ್‌ಬ್ಲಾಟ್ ಪರೀಕ್ಷಿಸಿ, ಇದರಿಂದ ಉಪಯೋಗವಿಲ್ಲ ಅಂತ ಕಟಿಂಗ್ ಪ್ಲೇಯರ್ ತಂದು ಅದನ್ನು ಕಿತ್ತೇ ಹಾಕಿದರು. ಆಮೇಲೆ ಯಂತ್ರ ಆರಾಮಾಗಿ ಓಡಿತು. ಕಾರಣವನ್ನು ಆಮೇಲೆ ಒಬ್ಬರು ಊಹಿಸಿದರು. ತಂತಿ ಹೋಗಿದ್ದದ್ದು ಸರ್ಕ್ಯೂಟಿನ ಗ್ರೌಂಡ್‌ಗೆ. ಸ್ವಿಚ್ಚಿನ ಲೋಹದ ಮೈ ಕ್ಯಾಬಿನೆಟ್ಟಿಗೆ ತಗುಲಿತ್ತು. ಸರ್ಕ್ಯೂಟಿನ ಗ್ರೌಂಡ್ ಮತ್ತು ಕ್ಯಾಬಿನೆಟ್ಟಿನ ಗ್ರೌಂಡ್ ನಡುವೆ ವೋಲ್ಟೇಜ್ ವ್ಯತ್ಯಾಸವಿದ್ದರೆ, ಸ್ವಿಚ್ ತಿರುಗಿಸಿದ ಕ್ಷಣ ಒಂದು ಸಣ್ಣ ಹೊಡೆತ ಹೊಡೆಯುತ್ತದೆ. ಎರಡನೇ ತಂತಿ ಇತ್ತು, ತಂತಿಯ ರೂಪದಲ್ಲಿ ಇರಲಿಲ್ಲ ಅಷ್ಟೇ. ಎಲೆಕ್ಟ್ರಿಷಿಯನ್ ಯಾರನ್ನಾದರೂ ಕೇಳಿ, ಅರ್ಥಿಂಗ್ ಅಂದ ಕೂಡಲೇ ಒಪ್ಪುತ್ತಾರೆ.

ಕೊನೆಗೆ ನಿಮ್ಮ 500 ಮೈಲಿ ಇ-ಮೇಲ್. ಇದನ್ನು 2002ರಲ್ಲಿ ಬರೆದವರು ಟ್ರೇ ಹ್ಯಾರಿಸ್. 90ರ ದಶಕದಲ್ಲಿ ಅವರು ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮೇಲ್ ವ್ಯವಸ್ಥೆ ನೋಡಿಕೊಳ್ಳುತ್ತಿದ್ದರು. ಒಂದು ದಿನ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರ ಫೋನ್: ನಮ್ಮಿಂದ 500 ಮೈಲಿಗಿಂತ ಆಚೆ ಮೇಲ್ ಹೋಗುತ್ತಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ಸಾಕಷ್ಟು ಡೇಟಾ ಇರಲಿಲ್ಲ ಅಂತ ಉತ್ತರ. ವಿಭಾಗದವರೊಬ್ಬರು ನಕ್ಷೆಯನ್ನೂ ಬಿಡಿಸುತ್ತಿದ್ದರಂತೆ. ಬೆಂಗಳೂರಿನಿಂದ ಹೈದರಾಬಾದಿಗೆ ಮೇಲ್ ಹೋಗುತ್ತೆ, ದೆಹಲಿಗೆ ಹೋಗಲ್ಲ ಅಂದ ಹಾಗೆ. ಹ್ಯಾರಿಸ್ ಪರೀಕ್ಷಿಸಿದರು. ನ್ಯೂಯಾರ್ಕಿಗೆ ಹೋಯಿತು. ಅದಕ್ಕಿಂತ ದೂರದ ಪ್ರಾವಿಡೆನ್ಸ್‌ಗೆ ಹೋಗಲಿಲ್ಲ.

ಆಗಿದ್ದು ಇಷ್ಟು. ಯಾರೋ ಬಂದು ಸರ್ವರಿನ ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡಿದ್ದರು. ಅದರಲ್ಲಿ ಮೇಲ್ ಕಳಿಸುವ ‘ಸೆಂಡ್‌ಮೇಲ್’ 8ರಿಂದ 5ನೇ ಆವೃತ್ತಿಗೆ ಇಳಿದಿತ್ತು. ಕಾನ್ಫಿಗರೇಷನ್ ಫೈಲ್ ಮಾತ್ರ 8ರದ್ದೇ. ಹಳೆಯದಕ್ಕೆ ಹೊಸ ಸೆಟ್ಟಿಂಗ್‌ಗಳು ಅರ್ಥವಾಗದೆ ಟೈಮ್‌ಔಟ್, ಅಂದರೆ ಉತ್ತರಕ್ಕೆ ಕಾಯುವ ಸಮಯ, ಸೊನ್ನೆಯಾಯಿತು. ಸೊನ್ನೆ ಅಂದರೂ ಯಂತ್ರ ಸುಮಾರು 3 ಮಿಲಿಸೆಕೆಂಡ್ ಕಾಯುತ್ತಿತ್ತು. ಅಷ್ಟರಲ್ಲಿ ಬೆಳಕು ಹೋಗುವ ದೂರ ಸುಮಾರು 558 ಮೈಲಿ.

ಕತೆ ಇಲ್ಲಿಗೆ ಚಪ್ಪಾಳೆ ಗಿಟ್ಟಿಸುತ್ತದೆ. ಆದರೆ ನೀವು ಟೆಸ್ಟರ್, ನಿಮಗೆ ಇಲ್ಲೊಂದು ಅನುಮಾನ ಬಂದಿರಬೇಕು. ಕನೆಕ್ಷನ್ ಆಯಿತು ಅನ್ನಲು ಪ್ಯಾಕೆಟ್ ಹೋದರೆ ಸಾಲದು, ಉತ್ತರ ವಾಪಸ್ ಬರಬೇಕು. ಅಲ್ಲಿಗೇ ದೂರ ಅರ್ಧ. ಮೇಲಾಗಿ ಫೈಬರಿನ ಗಾಜಿನಲ್ಲಿ ಬೆಳಕಿನ ವೇಗ ನಿರ್ವಾತದ ಮೂರನೇ ಎರಡರಷ್ಟು, ಅಂದರೆ ಒಂದು ಮಿಲಿಸೆಕೆಂಡಿಗೆ 200 ಕಿಲೋಮೀಟರ್. ಹಾಗೆ ನೋಡಿದರೆ 3 ಮಿಲಿಸೆಕೆಂಡಿನಲ್ಲಿ ಮುಟ್ಟಿ ಬರಬಹುದಾದ್ದು 300 ಕಿಲೋಮೀಟರ್, 200 ಮೈಲಿಯೂ ಇಲ್ಲ. 500 ಮೈಲಿ ಅಂದರೆ 800 ಕಿಲೋಮೀಟರ್, ಅದಕ್ಕೆ ಕಡಿಮೆಯೆಂದರೂ 8 ಮಿಲಿಸೆಕೆಂಡ್ ಬೇಕು. ಕತೆ ರಂಜಿಸಲೆಂದು ವಿವರಗಳನ್ನು ಸ್ವಲ್ಪ ತಿದ್ದಿದ್ದೇನೆ ಎಂದು ಹ್ಯಾರಿಸ್ ಅವರೇ ಹೇಳಿದ್ದಾರೆ. ನನ್ನ ಪ್ರಕಾರ ಘಟನೆ ನಡೆದದ್ದೇ. ಟೈಮ್‌ಔಟ್ ತೀರಾ ಚಿಕ್ಕದಾದರೆ ದೂರಕ್ಕೆ ಮಿತಿ ಬೀಳುವುದು ಸಹಜ. ‘3’ ಅನ್ನುವ ಅಂಕಿ ಮಾತ್ರ ಕತೆಯ ಬಣ್ಣ.

ಬೇಕಾದರೆ ನೀವೇ ನೋಡಿ. ಬೆಂಗಳೂರಿನಿಂದ ಮುಂಬೈಗೆ ನೇರ ದೂರ ಸುಮಾರು 840 ಕಿಲೋಮೀಟರ್. ಮುಂಬೈಯಲ್ಲಿದೆ ಅನ್ನುವ ಯಾವುದಾದರೂ ಸರ್ವರಿಗೆ ಆಫೀಸಿನಿಂದ ಪಿಂಗ್ ಹಾಕಿ. ಕೇಬಲ್ ನೇರವಾಗಿ ಹೋಗುವುದಿಲ್ಲ, ನಡುವೆ ರೌಟರ್‌ಗಳೂ ಇರುತ್ತವೆ, ಹಾಗಾಗಿ 8ಕ್ಕಿಂತ ಸಾಕಷ್ಟು ಜಾಸ್ತಿ ಬರುತ್ತದೆ. ಅಕಸ್ಮಾತ್ 2 ಮಿಲಿಸೆಕೆಂಡ್ ಅಂತ ತೋರಿಸಿದರೆ, ಆ ಸರ್ವರ್ ಮುಂಬೈಯಲ್ಲಿಲ್ಲ, ಬೆಂಗಳೂರಿನ ಆಸುಪಾಸಿನಲ್ಲೇ ಎಲ್ಲೋ ಇದೆ.